ಸೋಪು ಹಚ್ಚದ ಅಚ್ಚು

ಹನ್ನೆರಡನೇ ತಾರೀಖು, ಭಾನುವಾರ
ಹಾಸ್ಟೆಲಿನ ಕೋಣೆಯಿಂದ

ಹಡಗಿನ ಅಡುಗೆಮನೆಯ ಸಾರ್ವಭೌಮನೂ, ಆರಡಿ ಬೆಳೆದರೂ ಮನೆಯವರ ಬಾಯಲ್ಲಿ ಗುಬ್ಬಿಯಾಗಿಯೇ ಉಳಿದವನೂ ಆದ ನನ್ನ ಒಬ್ಬನೇ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದಗಳೆಲ್ಲ ತಲುಪಿದವು. ಉತ್ತರ ಬರೆಯದಿದ್ದುದಕ್ಕೆ ನನ್ನಲ್ಲಿ ಘನವಾದ ಕಾರಣಗಳಿವೆ: ಪರೀಕ್ಷೆ ಇತ್ತು, ಕೈತುಂಬ ಪ್ಲಾಸ್ಟರ್ ಮೆತ್ತಿತ್ತು, ಪೆನ್ನು ಮುಷ್ಕರ ಹೂಡಿತ್ತು. ಇವುಗಳಲ್ಲಿ ಯಾವುದನ್ನೂ ನಂಬಬೇಡ. ಪ್ರತಿ ಕಾಗದದಲ್ಲೂ ನೀನು ಕೇಳಿದ್ದು ಒಂದೇ ಮಾತು: "ಅಮ್ಮನ ಮುಖ ಯಾವಾಗ ಕಳಿಸ್ತೀಯಾ ಅಕ್ಕಾ?" ಅದಕ್ಕೆ ಉತ್ತರ ಹೇಳುವ ಧೈರ್ಯ ಬರಲಿ ಎಂದು ಕಾದೆ. ಅದು ಬರುವ ಲಕ್ಷಣ ಕಾಣಲಿಲ್ಲ. ಅದಿಲ್ಲದೆಯೇ ಬರೆಯುತ್ತಿದ್ದೇನೆ.

ಮೊದಲು ಶುಭ ಸಮಾಚಾರ. ನಿನ್ನ ಅಕ್ಕ ಈಗ ಶಿಲ್ಪಕಲೆಯ ಪದವೀಧರೆ, ಅದೂ ತರಗತಿಗೇ ಮೊದಲಿಗಳು. ಮೂವತ್ತರ ಹೊಸ್ತಿಲಲ್ಲಿ ಬಂದು ಮೀಸೆ ಮೂಡದ ಮಕ್ಕಳ ಜೊತೆ ಜೇಡಿಮಣ್ಣು ತುಳಿದದ್ದಕ್ಕೆ ಸಾರ್ಥಕವಾಯಿತು. ನಿನ್ನೆಯವರೆಗೆ ನನ್ನನ್ನು ಆಂಟಿ ಎನ್ನುತ್ತಿದ್ದವರು ಇವತ್ತು ಮೇಡಂ ಎನ್ನುತ್ತಿದ್ದಾರೆ. ಇದು ಬಡ್ತಿಯೋ ಹಿಂಬಡ್ತಿಯೋ ತಿಳಿಯದು.

ಇನ್ನು ಆ ಮುಖದ ವಿಚಾರ.

ಕಳೆದ ರಜೆಯಲ್ಲಿ ಅಮ್ಮನನ್ನು ಅವಳದೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದೆನಲ್ಲ. ಅಮ್ಮ ಸುಮ್ಮನಿರುವ ಪೈಕಿಯೇ? ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೊಲಿದು ಮುಗಿಸುತ್ತಿದ್ದವಳು! "ಬದುಕಿರೋವಾಗ್ಲೇ ಗೋರಿ ಕಟ್ತಿದ್ದೀಯಲ್ಲೇ, ಅಷ್ಟೊಂದು ಅವಸರವಾ?" ಎಂದಳು. ಮೊದಲ ಪದರಕ್ಕೆ ಒಂದು ಚಿಟಿಕೆ ನೀಲಿ ಬೆರೆಸುವುದು ನಮ್ಮ ವಿದ್ಯೆಯ ಪದ್ಧತಿ. ಆಮೇಲೆ ಅಚ್ಚನ್ನು ಉಳಿಯಿಂದ ಒಡೆಯುವಾಗ ನೀಲಿ ಕಂಡ ಕೂಡಲೇ ಕೈ ನಿಧಾನಿಸಬೇಕು, ಅದರಾಚೆಗೇ ಮುಖ ಇರುತ್ತದೆ. ಅಮ್ಮ ಒಪ್ಪಲಿಲ್ಲ. "ನೀಲಿ ಗೀಲಿ ಬಳಿದ್ರೆ ನೋಡು! ಬಾಗ್ಲಿಗೆ ಯಾರಾದ್ರೂ ಬಂದ್ರೆ ಹೆಣ ಅನ್ಕೊಂಡಾರು." ಸರಿ, ಬಿಳಿಯದನ್ನೇ ಮೆತ್ತಿದೆ.

ಮುಂದಿನದು ನಿನಗೆ ಗೊತ್ತು. ನಾನು ಹಾಸ್ಟೆಲಿಗೆ ವಾಪಸು ಬಂದ ಮೇಲೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಏಳಲಿಲ್ಲ. ನೀನು ನಡುಸಮುದ್ರದಲ್ಲಿದ್ದೆ, ಮುಖ ನೋಡಲು ಆಗಲಿಲ್ಲ. ಫೋಟೋ ಕಳಿಸೋಣವೆಂದರೆ, ತೆಗೆದ ಪ್ರತಿಯೊಂದರಲ್ಲೂ ಮಾತಾಡುತ್ತಿದ್ದಳಾದ್ದರಿಂದ ಬಾಯಿದ್ದಲ್ಲಿ ಒಂದು ಮಸುಕು. ಗುರುತಿನ ಚೀಟಿಯಲ್ಲಿರುವುದು ಯಾರೋ ಕೋಪಿಷ್ಠ ಗಂಡಸು. ಅಚ್ಚಾದರೂ ಇದೆಯಲ್ಲ ಎಂದು ನಾನೇ ನಿನಗೆ ಬರೆದೆ. ಅಚ್ಚಿನೊಳಗೆ ಪ್ಲಾಸ್ಟರ್ ಸುರಿಯುವುದು, ಹೊರಗಿನ ಅಚ್ಚನ್ನು ಒಡೆದು ತೆಗೆಯುವುದು, ಒಳಗೆ ಅಮ್ಮ. ಒಂದೇ ಸಲ. ಎರಡನೆಯದಕ್ಕೆ ಅಚ್ಚೇ ಉಳಿಯುವುದಿಲ್ಲ.

ಅಂತಿಮ ಪರೀಕ್ಷೆಗೂ ಅದನ್ನೇ ಇಡುವುದೆಂದು ತೀರ್ಮಾನಿಸಿದೆ. ಸುರಿಯುವ ಮುಂಚೆ ಒಳಮೈಗೆಲ್ಲ ಸೋಪಿನ ನೀರು ಹಚ್ಚಬೇಕು, ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಅಂಟಿಕೊಂಡುಬಿಡುತ್ತದೆ. ಇದು ಮೊದಲ ವಾರದ ಪಾಠ. ಸೋಪು ಕದಡಿಟ್ಟೆ, ಬ್ರಷ್ಷು ಅದ್ದಿದೆ, ಅಚ್ಚನ್ನು ಬೆಳಕಿಗೆ ಹಿಡಿದೆ. ಹುಬ್ಬಿದ್ದಲ್ಲಿ ಅಮ್ಮನ ಕೂದಲು ಅಂಟಿತ್ತು ಗುಬ್ಬಿ. ಒಂದು ಕಪ್ಪು, ಒಂದು ನೆರೆತದ್ದು. ಆಮೇಲೆ ನಾನೇನು ಮಾಡಿದೆನೋ ಗೊತ್ತಿಲ್ಲ. ಬ್ರಷ್ಷು ಬಟ್ಟಲಲ್ಲೇ ಉಳಿದಿತ್ತು, ಪ್ಲಾಸ್ಟರ್ ಅಚ್ಚಿನೊಳಗಿತ್ತು.

ಮರುದಿನ ಉಳಿ ಇಟ್ಟರೆ ಅಚ್ಚು ಎಲ್ಲಿಯೂ ಬಿಡಲಿಲ್ಲ. ನಮ್ಮ ಉಳಿ ಮೇಷ್ಟ್ರು (ಮಕ್ಕಳನ್ನೂ ಕಲ್ಲನ್ನೂ ಒಂದೇ ರೀತಿ ಕೆತ್ತುವವರು) ಬಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು.

"ಸೋಪು?"

"ಮರೆತೆ ಸಾರ್."

"ನೀಲಿ?"

"ಹಾಕಿರ್ಲಿಲ್ಲ ಸಾರ್."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ಒಡೆದ್ರೆ ಸುಣ್ಣದ ಪುಡಿ ಸಿಗುತ್ತೆ ಅಷ್ಟೇ, ಅಮ್ಮ ಸಿಗಲ್ಲ. ಬಿಡು ತಾಯಿ," ಎಂದು ಹೋಗಿ ಕೈ ತೊಳೆದುಕೊಂಡರು.

ಇಡಲು ಬೇರೇನೂ ಇರಲಿಲ್ಲ, ಆ ಮುದ್ದೆಯನ್ನೇ ಇಟ್ಟೆ. ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದಿದ್ದರು, ಒಬ್ಬರಿಗೆ ಗಡ್ಡ, ಒಬ್ಬರಿಗೆ ಶಾಲು. ದೇವರಿಗೆ ಸುತ್ತುಬಂದಂತೆ ಅದನ್ನು ಸುತ್ತಿದರು. "ಏನಮ್ಮಾ ಇದರ ಹೆಸರು?" ಎಂದರು ಗಡ್ಡದವರು. "ಅಮ್ಮ," ಎಂದೆ. ಇಬ್ಬರೂ ಉಸಿರು ಬಿಗಿಹಿಡಿದರು. "ನೋಡ್ರೀ, ಮುಖಾನೇ ಇಲ್ಲ! ಎಂಥ ಧೈರ್ಯ ಈ ಹುಡುಗೀದು!" ಎಂದರು ಶಾಲಿನವರು. ಮುಖ ಒಳಗಿದೆ ಸಾರ್ ಎಂದೆ. "ಆಹಾ! ಒಳಗಿದೆ!" ಎಂದು ಬರೆದುಕೊಂಡರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ನನಗೆ ಮೊದಲ ಸ್ಥಾನ ಬಂದದ್ದು ಹೀಗೆ. ಅಮ್ಮನಿದ್ದಿದ್ದರೆ ಇದನ್ನು ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಒಂದು ವರ್ಷ ನಗಿಸುತ್ತಿದ್ದಳು.

ಆ ಮುದ್ದೆ ಈಗ ನನ್ನ ಮಂಚದ ಪಕ್ಕದಲ್ಲಿದೆ. ಒಳಗೆ ಅಮ್ಮನ ಮೂಗು, ಗಲ್ಲದ ಮಚ್ಚೆ, ಹುಬ್ಬು, ಎಲ್ಲ ಇದ್ದಲ್ಲೇ ಇವೆ, ನೋಡಲು ಮಾತ್ರ ಆಗದು. ನಿನಗೆ ಕಳಿಸಲೇ? ಮುಖವೆಂದು ಕಳಿಸಲಾರೆ. ಲಂಗರೆಂದರೆ ಹಡಗಿನವರು ತೆಗೆದುಕೊಂಡಾರು. ತಮಾಷೆ ಸಾಕಾಯಿತೆಂದು ನೀನು ಬೈದರೂ ಸರಿಯೇ. ನಿನ್ನ ಹತ್ತಿರ ಅಮ್ಮನ ಮುಖವಿಲ್ಲ, ಇನ್ನು ಬರುವುದೂ ಇಲ್ಲ, ಅದು ನನ್ನ ಕೈಯಿಂದಲೇ ಹೋಯಿತು.

ಹೊತ್ತಿಗೆ ಸರಿಯಾಗಿ ಉಣ್ಣು, ಕುದಿಯುವ ಎಣ್ಣೆಯ ಹತ್ತಿರ ವೀರಾವೇಶ ಬೇಡ. ನಿನ್ನ ಕಾಲ ಕೆಳಗಿನ ನೀರು ತಣ್ಣಗಿರಲಿ, ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ಅಚ್ಚು ತೆಗೆಯುವಾಗ ಕೊನೆಗೆ ಮುಚ್ಚುವುದು ಬಾಯಿ. ಕೈಯಲ್ಲಿ ಪ್ಲಾಸ್ಟರ್ ಹಿಡಿದು ತುಟಿಯ ಹತ್ತಿರ ತಂದಾಗ ಅಮ್ಮ, "ಇರೇ, ಗುಬ್ಬಿಗೆ ಒಂದ್ ಮಾತು ಹೇಳ್ಬೇಕು ಕಣೇ," ಎಂದಳು. "ಆಮೇಲೆ ಹೇಳಮ್ಮಾ, ಗಟ್ಟಿಯಾಗ್ಬಿಡತ್ತೆ," ಎಂದು ಮೆತ್ತಿಬಿಟ್ಟೆ. ತೆಗೆದ ಮೇಲೆ ಮುಖ ತೊಳೆದು ಬಂದು, "ಈಗ ಮಾತಾಡ್ಬಹುದೇನೇ?" ಎಂದು ಕೇಳಿದಳು. ನಾನು ಕಿಟಕಿಯ ಹತ್ತಿರ ಅಚ್ಚನ್ನು ತಿರುಗಿಸಿ ನೋಡುತ್ತಿದ್ದೆ. "ಒಂದ್ನಿಮಿಷ ಇರಮ್ಮಾ," ಎಂದೆ. ಅಷ್ಟರಲ್ಲಿ ಅಳತೆ ಕೊಡಲು ಯಾರೋ ಬಂದರು, ಅವಳು ಗುಂಡುಸೂಜಿ ಬಾಯಿಗಿಟ್ಟುಕೊಂಡು ಎದ್ದು ಹೋದಳು. ಆಮೇಲೆ ನಾನು ಕೇಳಲೇ ಇಲ್ಲ. ಅದೇನಿದ್ದಿರಬಹುದು ಗುಬ್ಬಿ? ನಿನಗೇನಾದರೂ ಅಂದಾಜಿದ್ದರೆ ಬರಿ.