ಬಿಟ್ಟುಕೊಟ್ಟ ಬಸ್ಸುಗಳು

ಆಗಸ್ಟ್ 4, ಸೋಮವಾರ

ಇವತ್ತೂ ಎಂಟೂ ಇಪ್ಪತ್ತರ ಹರಿಹರದ ಬಸ್ಸು ಬಿಟ್ಟೆ. ಅವನು ಮೊದಲೇ ಬಂದು ನಿಂತಿದ್ದ. ನಾನು ಬೇಕರಿ ಮುಂದೆ ಫೋನ್ ನೋಡುತ್ತಾ ನಿಂತೆ, ಯಾರಿಗೋ ಕಾಯುತ್ತಿರುವವಳ ಹಾಗೆ. ಬಸ್ಸು ಬಂತು, ಹತ್ತಿದ, ಹೋದ. ಆಮೇಲೆ ನಾನು ಸ್ಟಾಪಿಗೆ. ಪ್ರೆಸ್ಸಿಗೆ ಕಾಲು ಗಂಟೆ ಲೇಟು. ಓನರ್ ಗಡಿಯಾರ ನೋಡಿ ಕೆಲಸದ ಕಂತೆ ಮುಂದಿಟ್ಟರು. ಶ್ರಾವಣ ಅಲ್ಲವೇ... ನಾಲ್ಕು ಲಗ್ನಪತ್ರಿಕೆ ಟೈಪ್ ಮಾಡಿದೆ. ದಿನಕ್ಕೆ ನಾಲ್ಕು ಮದುವೆ ಮಾಡಿಸುವ ನನ್ನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ.

ಅವನ ಹೆಸರು ಪರಶುರಾಮ. ಕಂಡಕ್ಟರ್ ಕರೆದದ್ದು ಕೇಳಿ ಗೊತ್ತು. ಹರಿಹರದಲ್ಲಿ ಯಾವುದೋ ಆಫೀಸು. ನನ್ನಷ್ಟೇ ಎತ್ತರ, ಮೂರೂವರೆ ಅಡಿ. ನನ್ನ ಹಾಗೇ ಗಿಡ್ಡ ಕೈ, ಗಿಡ್ಡ ಕಾಲು, ಮುಂದೆ ಬಂದ ಹಣೆ. ಡಾಕ್ಟರ್ ಭಾಷೆಯಲ್ಲಿ ಅಕಾಂಡ್ರೊಪ್ಲೇಸಿಯಾ. ಒಬ್ಬಳೇ ನಿಂತರೆ ಜನ ನೋಡಿಕೊಂಡು ಮುಂದೆ ಹೋಗುತ್ತಾರೆ. ಇಬ್ಬರು ನಿಂತರೆ ಅವರೂ ನಿಲ್ಲುತ್ತಾರೆ. ಎರಡು ವರ್ಷದ ಹಿಂದೆ ಹೀಗೇ ಅಕ್ಕಪಕ್ಕ ನಿಂತಿದ್ದಾಗ ಯಾರೋ ವಿಡಿಯೊ ಮಾಡಿ, ಅದಕ್ಕೆ ಮದುವೆ ವಾಲಗ ಸೇರಿಸಿ ಹರಿಬಿಟ್ಟರು. ಸುತ್ತಿ ಸುತ್ತಿ ಅಣ್ಣನ ಫೋನಿಗೇ ಬಂತು. ಎರಡು ದಿನ ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ.

ಅದಾದ ಮೇಲೆ ಅವನೇ ಹತ್ತಿರ ಬಂದ. ಬೇರೆ ಕಡೆ ನೋಡುತ್ತಾ, "ನೀವು ಇದಕ್ಕ ಹೋಗ್ರಿ. ನಾನು ಹಿಂದ ಬರೋ ಬಸ್ಸಿಗೆ ಬರ್ತೀನಿ" ಅಂದ. ಅಷ್ಟೇ ಮಾತು. ಅಂದಿನಿಂದ ಯಾರು ಮೊದಲು ಬರುತ್ತಾರೋ ಅವರಿಗೆ ಮೊದಲ ಬಸ್ಸು.

ಆಗಸ್ಟ್ 6, ಬುಧವಾರ

ಸ್ಟಾಪಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಟಿಫಿನ್ ಬ್ಯಾಗು... ಧೂಳಿನಲ್ಲಿ ಕುಕ್ಕರಗಾಲು. ಎರಡು ನಿಮಿಷ ನಿಲ್ಲುವುದು, ಮತ್ತೆ ಕೂರುವುದು. ಎಷ್ಟೋ ತಿಂಗಳಿಂದ ಇದೇ ಆಟ. ಮೈಯೆಲ್ಲ ಉರಿಯಿತು. ನೆಟ್ಟಗೆ ನಿಂತರೇ ಅಷ್ಟು ನೋಡುತ್ತಾರೆ, ಹೀಗೆ ಕೂತರೆ ಕೇಳಬೇಕೆ. ಅವನ ಮರ್ಯಾದೆ ಹೋದರೆ ಜೊತೆಗೆ ನನ್ನದೂ ಹೋಗುತ್ತದೆ. ಅಷ್ಟು ಗೊತ್ತಾಗುವುದಿಲ್ಲವೇ ಅವನಿಗೆ?

ಆಗಸ್ಟ್ 19, ಮಂಗಳವಾರ

ಒಂದು ವಾರದ ಮೇಲಾಯಿತು, ಅವನಿಲ್ಲ. ದಿನಾ ಮೊದಲ ಬಸ್ಸು, ಕಿಟಕಿ ಸೀಟು. ಎರಡು ದಿನ ಹಬ್ಬದ ಹಾಗಿತ್ತು. ಆಮೇಲೆ ಸುಮ್ಮನೆ ಸ್ಟಾಪಿನ ಕಡೆ ನೋಡುವುದು ಶುರುವಾಯಿತು.

ಇವತ್ತು ಕಂಡಕ್ಟರ್ ನಿಂಗರಾಜ್‌ನನ್ನು ಕೇಳಿಯೇಬಿಟ್ಟೆ. ಕಾಲಲ್ಲಿ ಶಕ್ತಿಯೇ ಹೋಗಿತ್ತಂತೆ. ಹುಬ್ಬಳ್ಳಿಯಲ್ಲಿ ಬೆನ್ನಿನ ಆಪರೇಶನ್ ಆಗಿದೆಯಂತೆ. ಹೇಳಿದ್ದಲ್ಲದೆ, "ನಿಮ್ಮ ಪೈಕಿ ಅಲ್ಲೇನ್ರಿ? ನಿಮಗ ಗೊತ್ತಿರುತ್ತೆ ಅನ್ಕಂಡಿದ್ದೆ" ಅಂದ, ತುಂಬಿದ ಬಸ್ಸಿನಲ್ಲಿ. ಸಿಟ್ಟು ನೆತ್ತಿಗೇರಿತು. ಎತ್ತರ ಒಂದೇ ಆದರೆ ನೆಂಟರೇ? ನಿಂಗರಾಜ್ ಟಿಕೆಟ್ ಹಿಂದೆ ಪರಶುರಾಮನ ನಂಬರ್ ಬರೆದುಕೊಟ್ಟ. ಬೇಡ ಅನ್ನಲಿಲ್ಲ, ತೆಗೆದುಕೊಂಡೆ.

ಆಗಸ್ಟ್ 25, ಸೋಮವಾರ

ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಏನು ಅಂತ ಶುರು ಮಾಡುವುದು... ಬಸ್ ಸ್ಟಾಪಿನ ಗಿಡ್ಡಿ ಮಾತಾಡೋದು ಅಂತಲೇ?

ಸೆಪ್ಟೆಂಬರ್ 13, ಶನಿವಾರ

ಇದನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಬರೆದಿಲ್ಲ. ಹೋದ ವರ್ಷದಿಂದ ಸ್ವಲ್ಪ ಹೊತ್ತು ನಿಂತರೆ ಕಾಲು ಜುಮ್ಮೆನ್ನುತ್ತದೆ. ಕಂಬಕ್ಕೋ ಗೋಡೆಗೋ ಒರಗಿ ನಿಭಾಯಿಸುತ್ತಿದ್ದೆ. ಇವತ್ತು ಹರಿಹರದಲ್ಲಿ ಬಸ್ಸಿಳಿದು ಪ್ರೆಸ್ಸಿಗೆ ನಡೆಯುವಾಗ ಸೊಂಟದ ಕೆಳಗೆ ಏನೂ ಇಲ್ಲದ ಹಾಗಾಯಿತು. ಮೆಡಿಕಲ್ ಶಾಪ್ ಮುಂದೆ ನನಗೇ ಗೊತ್ತಿಲ್ಲದೆ ಕುಕ್ಕರಗಾಲಲ್ಲಿ ಕೂತೆ. ಎರಡು ನಿಮಿಷಕ್ಕೆ ಕಾಲಿಗೆ ಜೀವ ಬಂತು.

ಆಗ ತಿಳಿಯಿತು ಅವನು ಯಾಕೆ ಕೂರುತ್ತಿದ್ದ ಅಂತ. ಅಲ್ಲೇ ಅತ್ತುಬಿಟ್ಟೆ. ಬಾಳೆಹಣ್ಣು ಮಾರುವ ಇಮಾಂಬೀ ನೀರು ಕೊಟ್ಟು ಪಕ್ಕದಲ್ಲೇ ನಿಂತಿದ್ದಳು.

ಅಕ್ಟೋಬರ್ 11, ಶನಿವಾರ

ಸ್ಕ್ಯಾನ್ ರಿಪೋರ್ಟ್ ಬಂತು. ಬೆನ್ನುಹುರಿ ಹಾದುಹೋಗುವ ಜಾಗ ನಮ್ಮಂಥವರಿಗೆ ಹುಟ್ಟಿನಿಂದಲೇ ಇಕ್ಕಟ್ಟಂತೆ, ಈಗ ನರ ಒತ್ತುತ್ತಿದೆಯಂತೆ. ಬೇಗ ಆಪರೇಶನ್ ಮಾಡಿಸಿ, ಈಗಾಗಲೇ ಹೋದ ಶಕ್ತಿ ವಾಪಸ್ ಬರುತ್ತದೆ ಅಂತ ಹೇಳಲಾರೆ ಎಂದರು ಡಾಕ್ಟರ್. ಬಲಗಾಲಿನ ಹೆಬ್ಬೆರಳು ಎತ್ತಿ ಅಂದರು. ಎತ್ತಲಾಗಲಿಲ್ಲ. ಯಾವಾಗ ನಿಂತುಹೋಯಿತೋ, ನನಗೇ ಗೊತ್ತಿಲ್ಲ.

ದುರ್ಗಾ ಅತ್ತಿಗೆ, "ಇಷ್ಟು ದಿನ ಹೆಂಗೋ ನಡೀತಲ್ಲ ಸುಧಾ, ಈಗ ಯಾಕ ಬೆನ್ನು ಕೊಯ್ಸ್ಕಳದು" ಅಂದರು. ಕೆಟ್ಟದ್ದಕ್ಕಲ್ಲ, ಹೆದರಿಕೆಗೆ. ಅಣ್ಣ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ನನಗೂ ಹೆದರಿಕೆಯೇ. ಆದರೆ ಈ ಮನೆಯಲ್ಲಿ ಯಾರ ಕಾಲೂ ನನ್ನ ಕಾಲಿನ ಹಾಗಿಲ್ಲ. ಕೇಳುವುದು ಯಾರನ್ನ?

ಅಕ್ಟೋಬರ್ 30, ಗುರುವಾರ

ಬಂದಿದ್ದಾನೆ. ವಾಕರ್ ಹಿಡಿದು, ಅರ್ಧ ಆಗಿಹೋಗಿದ್ದಾನೆ.

ಬೇಕರಿ ಹತ್ತಿರ ನಿಲ್ಲಲಿಲ್ಲ. ನೇರ ಹೋಗಿ ಪಕ್ಕದಲ್ಲಿ ನಿಂತೆ. ಕಾಲೇಜು ಹುಡುಗಿಯರಿಬ್ಬರು ತಿರುಗಿದರು, ಒಬ್ಬಳ ಫೋನು ಮೇಲೆದ್ದಿತು. ಅವನು ಅಭ್ಯಾಸಬಲದಿಂದ ವಾಕರ್ ಆ ಕಡೆ ಸರಿಸಿದ. ನಿಲ್ಲಿ ಅಂದೆ. ಒಂದು ಮಾತು ಕೇಳಬೇಕು, ನನ್ನ ಕಾಲು...

"ಗೊತ್ತೈತ್ರಿ," ಅಂದರು ಪರಶುರಾಮ. "ಹೋದ ವರ್ಷದಿಂದ ನೋಡ್ತಿದ್ದೀನಿ. ಬೇಕರಿ ಕಂಬಕ್ಕ ಒರಗಿ ನಿಲ್ತಿದ್ರಿ. ನನಗೂ ಹಂಗೇ ಶುರುವಾಗಿದ್ದು. ಹೇಳ್ಬೇಕು ಅನ್ಕಂತಿದ್ದೆ. ಹತ್ರ ಬಂದ್ರೆ ಮತ್ತ ನಿಮ್ಮ ಮನೇಲಿ ತ್ರಾಸಾಗುತ್ತೆ ಅಂತ ಸುಮ್ನಾದೆ."

ಬಸ್ಸು ಬಂತು. ನಿಂಗರಾಜ್ ವಾಕರ್ ಎತ್ತಿಟ್ಟ. ಒಂದೇ ಸೀಟಿನಲ್ಲಿ ಕೂತೆವು. ಹಿಂದೆ ಯಾರೋ ನಕ್ಕರು. ಆಪರೇಶನ್ ಬಗ್ಗೆ ಎಲ್ಲ ಹೇಳಿದರು, ಎಷ್ಟು ದಿನ ಮಲಗಬೇಕು, ಎಲ್ಲಿ ನೋಯುತ್ತದೆ. ಅವರ ಎಡಪಾದಕ್ಕೆ ಶಕ್ತಿ ವಾಪಸ್ ಬಂದಿಲ್ಲ. ಬರುವುದೂ ಇಲ್ಲವಂತೆ. "ನಾನು ತಡ ಮಾಡಿದೆ. ನೀವು ಮಾಡಬ್ಯಾಡ್ರಿ" ಅಂದರು.

ನವೆಂಬರ್ 9, ಭಾನುವಾರ, ಸಂಜೆ 5

ನಾಳೆ ಅಡ್ಮಿಟ್. ಅಣ್ಣ ಒಪ್ಪಿದ. ಬ್ಯಾಗು ತುಂಬಿಯಾಯಿತು.

ಪರಶುರಾಮ ಫೋನ್ ಮಾಡಿದ್ದರು. ಅರಿವಳಿಕೆ ಕೊಡುವ ಡಾಕ್ಟರಿಗೆ, ನಮ್ಮಂಥವರ ಕುತ್ತಿಗೆಯಲ್ಲೂ ಇಕ್ಕಟ್ಟು, ಜೋಪಾನ ಅಂತ ಮೊದಲೇ ಹೇಳಿ ಎಂದರು. ಹ್ಞೂಂ, ಹ್ಞೂಂ ಅಂದೆ ಅಷ್ಟೇ. ಹತ್ತು ದಿನದಿಂದ ಅವರ ಮೇಲೆ ಸಿಟ್ಟು. ಒಂದು ವರ್ಷ ನೋಡಿಕೊಂಡು ಸುಮ್ಮನಿದ್ದರಲ್ಲ. ಒಂದು ಮಾತು ಹೇಳಿದ್ದರೆ ನನ್ನ ಹೆಬ್ಬೆರಳು ಉಳಿಯುತ್ತಿತ್ತೇನೋ.

ಈಗ ಬ್ಯಾಗಿನ ಪಕ್ಕ ಕೂತು ಯೋಚಿಸುತ್ತಿದ್ದೇನೆ. ಅವರು ನನ್ನನ್ನು ನೋಡಿದರು ಸರಿ. ನಾನೂ ಅವರನ್ನು ದಿನಾ ನೋಡಿದ್ದೆ. ಕೂತದ್ದು, ಎದ್ದದ್ದು, ಮತ್ತೆ ಕೂತದ್ದು. ಕಾಲು ನೋಯುತ್ತಾ ಅಂತ ಕೇಳುವುದಕ್ಕೆ ಡಾಕ್ಟರೇ ಆಗಬೇಕಿರಲಿಲ್ಲ. ಹತ್ತು ಹೆಜ್ಜೆ ದೂರ ಅಷ್ಟೇ. ಹೋಗಿ ಕೇಳಿದ್ದರೆ ಅವರು ಆಗಲೇ ಡಾಕ್ಟರ ಹತ್ತಿರ ಹೋಗುತ್ತಿದ್ದರು, ಅವರ ಎಡಪಾದವೂ ಉಳಿಯುತ್ತಿತ್ತೇನೋ.