ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆಯೇ?

ಮನೆಯಿಂದ,
ಶನಿವಾರ, ೧೪ ಜೂನ್

ಪ್ರೀತಿಯ ಪುಟ್ಟಿ,

ನಿನ್ನ ಸೊಂಟನೋವು ಹೇಗಿದೆ? ಅಂಗಡಿಯಲ್ಲಿ ದಿನವಿಡೀ ನಿಂತು ಅದನ್ನು ಹೆಚ್ಚು ಮಾಡಿಕೊಳ್ಳಬೇಡ. ನಿನ್ನ ಭಾವ ಗುಂಡುಕಲ್ಲಿನ ಹಾಗಿದ್ದಾರೆ. ಮುಂದಿನ ತಿಂಗಳು ನೀನು ಬಂದು ನನ್ನ ಪಕ್ಕದಲ್ಲೇ ಕೆಲಸಕ್ಕೆ ಕೂರುತ್ತೀಯೆಂದು ಹಿಂದಿನ ಕೋಣೆಗೆ ಬಣ್ಣ ಹೊಡೆಯುತ್ತಿದ್ದಾರೆ. ಅರ್ಧ ಗೋಡೆಗೆ, ಅರ್ಧ ತಮಗೇ.

ಈ ವಾರವೆಲ್ಲ ನಮ್ಮ ದೂರು ವಿಭಾಗದವರಿಗೆ ಪಾಠ. ಫ್ರಿಜ್ ಕೆಟ್ಟಿತೆಂದು ಬರೆದವರಿಗೆ ಉತ್ತರ ಬರೆಯುವವಳಿಗೆ ವೆಬ್ ಪ್ರೋಗ್ರಾಮಿಂಗ್ ಯಾಕೆ ಅಂತ ಕೇಳಬೇಡ, ನಾನೂ ಕೇಳಲಿಲ್ಲ. ಮೊದಲು ಒಂದು ಪುಟ, ಅದರಲ್ಲೊಂದು ಗುಂಡಿ. ಒಂದು ಚಿಹ್ನೆ ಮರೆತರೂ ಪುಟವೆಲ್ಲ ಬಿಳಿ. ಕೊನೆಗೆ ಗುಂಡಿ ಒತ್ತಿದಾಗ "ನಮಸ್ಕಾರ" ಎಂದು ಬಂತು. ಈ ವಯಸ್ಸಿನಲ್ಲೂ ಕಲಿತೆನಲ್ಲ ಎಂದು ಹಿಗ್ಗಿದೆ. ಆಮೇಲೆ ಅದಕ್ಕೆ ಎಐ ಜೋಡಿಸಿದೆವು. "ನಿಮ್ಮ ಹಳೇ ಉತ್ತರಗಳಲ್ಲಿ ಒಳ್ಳೇವನ್ನ ಕೊಡಿ ಮೇಡಂ, ಅದು ನೋಡಿ ಕಲಿಯುತ್ತೆ" ಅಂದರು ಮೇಷ್ಟ್ರು. ಆರಿಸಿ ಆರಿಸಿ ಕೊಟ್ಟೆ.

ಗುರುವಾರ ಮ್ಯಾನೇಜರ್ ಬಂದು ನನ್ನ ಹಿಂದೆ ನಿಂತರು. ಫ್ರಿಜ್ಜಿನ ಸದ್ದಿಗೆ ಮಗು ಏಳುತ್ತದೆಂದು ಹಿಂದೊಮ್ಮೆ ಒಬ್ಬಾಕೆ ಬರೆದಿದ್ದಳು, ರಿಪೇರಿಯಾದ ಮೇಲೆ ನಾನು "ಮಗು ಈಗ ಚೆನ್ನಾಗಿ ನಿದ್ದೆ ಮಾಡುತ್ತಿದೆಯೇ?" ಎಂದು ಕೇಳಿದ್ದೆ. ಯಂತ್ರ ಅದನ್ನೇ ಹಿಡಿದುಕೊಂಡು, ಫ್ರಿಜ್ಜಿನ ಬಾಗಿಲು ಮುಚ್ಚುತ್ತಿಲ್ಲವೆಂದು ಬರೆದ ಒಬ್ಬಂಟಿ ಮುದುಕರ ಹತ್ತಿರವೂ ಮಗುವಿನ ನಿದ್ದೆ ವಿಚಾರಿಸಿತು. ಎಲ್ಲರೂ ನಕ್ಕರು. "ಇದು ಆಗೋ ಮಾತಲ್ಲ ಬಿಡಿ" ಎಂದು ಮ್ಯಾನೇಜರ್ ಹೊರಟರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ತಪ್ಪು ಉತ್ತರ ಕಣ್ಣೆದುರಿಗಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. "ಪತ್ರದಲ್ಲಿ ಮನೆಯವರ ವಿಷಯ ಇದ್ದರೆ ಮಾತ್ರ ವಿಚಾರಿಸು" ಎಂದು ಒಂದು ಸಾಲು ಸೇರಿಸಿ, "ಒಂದ್ನಿಮಿಷ ಸರ್, ಈಗ ನೋಡಿ" ಎಂದೆ. ಬಂದ ಉತ್ತರ ನಾನೇ ಬರೆದಂತಿತ್ತು. ಅವರು ತಿರುಗಿ ಬಂದರು, ಇನ್ನಷ್ಟು ದೂರು ಹಾಕಿಸಿ ನೋಡಿದರು. ಒಂದೂ ತಪ್ಪಿರಲಿಲ್ಲ. "ಭೇಷ್" ಅಂದರು.

ನಿನ್ನೆ ನಮ್ಮ ವಿಭಾಗವನ್ನೇ ಮುಚ್ಚಿದರು. ಎದುರು ಮೇಜಿನವಳು ನನ್ನ ಮುಖ ನೋಡದೆ ಡ್ರಾಯರ್ ಖಾಲಿ ಮಾಡಿಕೊಂಡು ಹೋದಳು. ಅವಳ ಸಿಟ್ಟು ನ್ಯಾಯವೇ. ಇಷ್ಟು ವರ್ಷ ಗೊತ್ತಿದ್ದದ್ದು ಇದೊಂದೇ ಕೆಲಸ, ಅದನ್ನೂ ಕೈಯಾರೆ ಕಲಿಸಿ ಕೊಟ್ಟೆ. ಮುಂದೆ ಏನೂ ತೋಚುತ್ತಿಲ್ಲ ಪುಟ್ಟಿ.

ನೀನಾದರೂ ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಕ್ಕ

ತಾ.ಕ.: ಅಂಗಡಿ ಕೆಲಸಕ್ಕೆ ರಾಜೀನಾಮೆ ಕೊಡಬೇಡ. ಕೊಟ್ಟಿದ್ದರೆ ಈ ಪತ್ರ ಸಿಕ್ಕ ದಿನವೇ ಕೈಕಾಲು ಹಿಡಿದಾದರೂ ವಾಪಸ್ ತಗೋ. ನಿನಗೆಂದು ಹೇಳಿಟ್ಟಿದ್ದ ಕುರ್ಚಿ ಈಗಿಲ್ಲ. ನಿನ್ನ ಭಾವ ಕೋಣೆಗೆ ಎರಡನೇ ಸಲ ಬಣ್ಣ ಹೊಡೆಯುತ್ತಿದ್ದಾರೆ. ಸಾಕು ನಿಲ್ಲಿಸಿ ಎನ್ನಲು ನನಗಿನ್ನೂ ಬಾಯಿ ಬಂದಿಲ್ಲ.