ಮೊಣಕೈಗೆ ಹಾಕಿದ ಹೆಪ್ಪು

ಅವ್ವಾ,

ಸೊರಬದ ಚರ್ಮದ ಡಾಕ್ಟರ ಹತ್ತಿರ ಹೊರಟೆ. ಊಟಕ್ಕೆ ಕಾಯಬೇಡ, ಬರೋದು ಸಂಜೆ.

ಚರ್ಮದ ಮೇಲೆ ಕೆಟ್ಟ ಕ್ರಿಮಿ ಹೆಚ್ಚಾಗಿ ನನ್ನ ಇಸುಬು ಕೆರಳಿದೆ, ಕಾಯುವ ಒಳ್ಳೆ ಕ್ರಿಮಿಯೂ ಅಲ್ಲೇ ಇರುತ್ತೆ, ಮುಂದೆ ಅದರಿಂದಲೇ ಮುಲಾಮು ಬಂದರೂ ಬರಬಹುದು ಅಂತ ಹೋದ ಸಲ ಅವರು ಹೇಳಿದ್ದು ನಿಜ. ಅದಕ್ಕೆ ನಿನ್ನೆ ಮಧ್ಯಾಹ್ನ ನಾನು ಮಲಗಿದ್ದಾಗ ಎರಡೂ ಮೊಣಕೈಗೆ ಮೊಸರಿನ ಹೆಪ್ಪು ಹಾಕಿ ಬಟ್ಟೆ ಸುತ್ತೋದಾ? ನಾನೇನು ಹಾಲಿನ ಗಡಿಗೆಯಾ? ಎದ್ದು ನೋಡಿದರೆ ಬೆಕ್ಕು ಎಡಗೈ ಬಟ್ಟೆ ಕಿತ್ತು ನೆಕ್ಕುತ್ತಿತ್ತು!

ಎಸ್‌ಟಿಡಿ ಬೂತಿಗೆ ಹೋಗಿ ಜಡೆ ಊರಲ್ಲಿರೋ ಅಕ್ಕನಿಗೆ ಇದನ್ನೆಲ್ಲ ಹೇಳಬೇಡ.

ಬೆಕ್ಕು ನೆಕ್ಕಿದ ಎಡಗೈ ಇವತ್ತೂ ಕೆರೆಯುತ್ತಿದೆ. ಬಲಗೈ ಯಾಕೋ ಸುಮ್ಮನಿದೆ.

ಹೆಪ್ಪು ಸ್ವಲ್ಪ ಉಳಿಸು. ಬೆಕ್ಕನ್ನು ಒಳಗೆ ಬಿಡಬೇಡ.

ಚನ್ನೇಶ